ಗಿಣಿಯ ರೆಕ್ಕೆಯೂ ನನ್ನ ಪಂಚೆಯ ನೆರಿಗೆಯೂ

ನಾನು ವಿಜ್ಞಾನದ ಮೇಷ್ಟ್ರು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಸನ್ನೆ, ರಾಟೆ, ಗಾಲಿ, ಇಳಿಜಾರು ಇವುಗಳನ್ನು ವರ್ಷವರ್ಷವೂ ಪಾಠ ಮಾಡಿ, ಯಾವ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಹೀಗಿರುವಾಗ ನನ್ನ ಹೆಂಡತಿ ಜಯಮ್ಮನ ಹೊಲಿಗೆ ಮಿಷನ್ನು ಯಾವ ಲೆಕ್ಕ? ಒಂದಿಷ್ಟು ಕಬ್ಬಿಣ, ಒಂದಿಷ್ಟು ಮರ, ಒಂದು ತೊಗಲಿನ ಬೆಲ್ಟು. ಇಷ್ಟೇ! ಹೀಗೆಂದು ನಾನು ತಿಳಿದಿದ್ದೆ. ತಿಳಿದಿದ್ದನ್ನು ಹತ್ತು ಜನರ ಮುಂದೆ ಹೇಳಿಯೂ ಇದ್ದೆ.

ಆ ಮಿಷನ್ನು ಹುಣಸೂರಿನಿಂದ ಬಸ್ಸಿನ ಟಾಪಿನ ಮೇಲೆ ಕೂತು ಬಂದದ್ದು. ಜಯಮ್ಮ ಮದುವೆಗೆ ಮುಂಚೆ ತವರಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗಿ ಮಿಷನ್ ಕಸೂತಿ ಕಲಿತವಳು. ಬಟ್ಟೆಯನ್ನು ರಿಂಗಿಗೆ ಬಿಗಿದು, ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ರಿಂಗನ್ನು ಅತ್ತ ಇತ್ತ ಸರಿಸುತ್ತ ಹೋದರೆ ಸೂಜಿಯ ಕೆಳಗೆ ಹೂವು, ಎಲೆ, ಬಳ್ಳಿ ಎಲ್ಲ ತಾವಾಗಿ ಮೂಡುತ್ತಿದ್ದವು. ಒಂದು ದಿನ ನಾನು ಹಿಂದೆ ನಿಂತು ಹತ್ತು ನಿಮಿಷ ನೋಡಿದೆ. ಹತ್ತೇ ನಿಮಿಷದಲ್ಲಿ ಅವಳು ಮಾಡುತ್ತಿದ್ದ ಹನ್ನೊಂದು ತಪ್ಪುಗಳು ಕಂಡವು. ಮೇಷ್ಟ್ರ ಕಣ್ಣು!

ತಪ್ಪು ಕಂಡ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸ್ಕೂಲಿನಿಂದ ಒಂದು ದೊಡ್ಡ ಡ್ರಾಯಿಂಗ್ ಶೀಟು ತಂದು, ಕೆಂಪು ಮತ್ತು ನೀಲಿ ಶಾಯಿಯಲ್ಲಿ 'ಕಸೂತಿ ಯಂತ್ರವನ್ನು ಕ್ಷೇಮವಾಗಿಯೂ ಸಮರ್ಪಕವಾಗಿಯೂ ಬಳಸುವ ಸಪ್ತ ನಿಯಮಗಳು' ಎಂದು ಬರೆದು, ಮಿಷನ್ನಿನ ಮೇಲ್ಗಡೆ ಗೋಡೆಗೆ ಅಂಟಿಸಿದೆ. ಒಂದೊಂದು ನಿಯಮವೂ 'ತಕ್ಕದ್ದು' ಅಥವಾ 'ತಕ್ಕದ್ದಲ್ಲ' ಎಂದು ಗಂಭೀರವಾಗಿ ಮುಗಿಯುತ್ತಿತ್ತು. ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ಬಿ.ಎಸ್ಸಿ., ಬಿ.ಎಡ್.

ಜಯಮ್ಮ ಸೌಟು ಹಿಡಿದುಕೊಂಡೇ ಬಂದು ಮೇಲಿಂದ ಕೆಳಗೆ ಓದಿದಳು.

"ಆರನೇದು ಬಾಳ ಚೆನ್ನಾಗೈತೆ ಕಣ್ರೀ" ಎಂದಳು.

ಆರನೆಯ ನಿಯಮ: 'ತನಗೆ ತಿಳಿಯದ್ದನ್ನು ತಿಳಿದವರಿಂದ ಕೇಳಿ ತಿಳಿದುಕೊಳ್ಳತಕ್ಕದ್ದು.' ಅವಳು ಹೊಗಳಿದಳೆಂದೇ ನಾನು ಭಾವಿಸಿದೆ. ಮೇಷ್ಟ್ರುಗಳನ್ನು ಮೂದಲಿಸುವುದು ಎಷ್ಟು ಸುಲಭ ಎಂದರೆ, ಅದು ಅವರಿಗೆ ಗೊತ್ತೇ ಆಗುವುದಿಲ್ಲ.

ಇನ್ನು ನನ್ನ ತಂಗಿ ರತ್ನನ ವಿಷಯ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ನಾನೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ನಿಜ ಹೇಳಬೇಕೆಂದರೆ ಸಾಕಿದವಳು ಜಯಮ್ಮ. ನಾನು ಬುದ್ಧಿ ಹೇಳಿದೆ. ರತ್ನ ಮೂರು ಮೈಲಿ ದೂರದ ಹಳ್ಳಿಯಲ್ಲಿ ಬಾಲವಾಡಿ ಟೀಚರು. ದಿನವೂ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದಳು. ಚೈನು ಬಿದ್ದರೆ ತಾನೇ ಹಾಕಿಕೊಳ್ಳುತ್ತಿದ್ದಳು, ಪಂಕ್ಚರ್ ಆದರೆ ತಾನೇ ತೇಪೆ ಹಚ್ಚುತ್ತಿದ್ದಳು. ಆ ಕಾಲದಲ್ಲಿ ನಮ್ಮ ಕಡೆ ಒಂದು ಸಂಬಂಧ ಮುರಿಯಲು ಇಷ್ಟು ಧಾರಾಳವಾಗಿ ಸಾಕಾಗಿತ್ತು. ನೋಡಲು ಬಂದ ಎರಡು ಗುಂಪಿನವರು ಉಪ್ಪಿಟ್ಟು ತಿಂದು, ಜಗಲಿಯಲ್ಲಿ ಒರಗಿಸಿದ್ದ ಸೈಕಲ್ಲನ್ನು ಕಡೆಗಣ್ಣಿನಿಂದ ನೋಡಿ, "ಕಾಗ್ದ ಬರೀತೀವಿ" ಎಂದು ಹೋದರು. ಕಾಗದ ಬರಲಿಲ್ಲ. ಎರಡನೆಯವರು ಹೋದ ದಿನ ರತ್ನ ಏನೂ ಆಗದವಳ ಹಾಗೆ ಸೈಕಲ್ಲಿಗೆ ಎಣ್ಣೆ ಬಿಡುತ್ತ ಕೂತಿದ್ದಳು. ಮೂರನೆಯದು ಮಾತ್ರ ಕೈ ತಪ್ಪಬಾರದು ಎಂದು ಅಂದೇ ನಿಶ್ಚಯಿಸಿದೆ.

ಮೂರನೆಯದು ಭೇರ್ಯದ ಸಂಬಂಧ. ಹುಡುಗ ಶಿವಣ್ಣ ಗ್ರಾಮಸೇವಕ. ತಂದೆ ಚಿಕ್ಕೇಗೌಡರು ಬೇಸಾಯಗಾರರು. ತಾಯಿ ಸಾಕಮ್ಮನವರು ಕಸೂತಿಯಲ್ಲಿ ಎತ್ತಿದ ಕೈ. ಅವರ ಮನೆಯಲ್ಲಿ ದಿಂಬು, ರೇಡಿಯೊ, ಕನ್ನಡಿ, ಕೊನೆಗೆ ನೀರಿನ ಹೂಜಿಯ ಮೇಲೂ ಕಸೂತಿಯ ಬಟ್ಟೆ. ನಮ್ಮ ಕಡೆ ಹೆಣ್ಣು ನೋಡುವುದೆಂದರೆ ಮೊದಲು ಟೇಬಲ್ ಕ್ಲಾತನ್ನು ನೋಡುವುದು, ಆಮೇಲೆ ಹುಡುಗಿಯನ್ನು. ಎರಡು ಗಿಣಿ ಎದುರುಬದುರು ಕೂತಿರುವ ಟೇಬಲ್ ಕ್ಲಾತು ಇಲ್ಲದ ಮನೆಯ ಹೆಣ್ಣು ಸಂಸಾರಕ್ಕೆ ಲಾಯಕ್ಕಲ್ಲ ಎಂಬುದು ಇತ್ಯರ್ಥವಾದ ವಿಷಯ.

ನಾನು ಮಾತನಾಡಿ ಬರಲು ಹೋದಾಗ ಸಾಕಮ್ಮನವರು ಕೇಳಿಯೇ ಕೇಳಿದರು.

"ಉಡುಗಿಗೆ ಕೈಕೆಲ್ಸ ಏನಾರ ಬತ್ತದಾ ಮೇಷ್ಟ್ರೇ?"

"ಮಿಷನ್ ಕಸೂತಿ ಕಣಮ್ಮ! ಕಣ್ಣು ಮುಚ್ಕೊಂಡು ಹಾಕ್ತಾಳೆ!" ಎಂದುಬಿಟ್ಟೆ. ನಾಲಗೆ ನನ್ನದೇ, ಆದರೆ ಆ ಗಳಿಗೆಯಲ್ಲಿ ಅದು ನನ್ನನ್ನು ಕೇಳಿ ಮಾತಾಡಲಿಲ್ಲ.

"ಅಂಗಾದ್ರೆ ಬರೋ ಭಾನ್ವಾರ ಮದ್ಯಾನದ ಮ್ಯಾಲೆ ಬತ್ತೀವಿ. ಅವ್ಳು ಆಕಿರೋ ಟೇಬಲ್ ಕ್ಲಾತು ಒಂದು ತೋರ್ಸುವ್ರಂತೆ" ಎಂದರು ಆಕೆ, ಮುಖವರಳಿಸಿ.

ಮನೆಗೆ ಬಂದು ವಿಷಯ ತಿಳಿಸಿದೆ. ಜಯಮ್ಮನ ಟ್ರಂಕಿನಲ್ಲಿ ಟೇಬಲ್ ಕ್ಲಾತುಗಳು ಅರ್ಧ ಡಜನ್ ಇದ್ದವು. ಅದರಲ್ಲೊಂದನ್ನು ತೆಗೆದು ರತ್ನನದೆಂದು ಹಾಸಿದರೆ ಕೆಲಸ ಮುಗಿಯಿತು. ನನ್ನ ಯೋಜನೆ ಇಷ್ಟು ಸರಳ. ಜಯಮ್ಮ ಟ್ರಂಕಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು ಹಾಕಿದ್ದನ್ನ ಅವಳು ಹಾಕಿದ್ದು ಅಂತ ತೋರ್ಸಕ್ಕೆ ನಾನು ಬುಡಕಿಲ್ಲ. ನಾಳೆ ಆ ಮನೇಲಿ 'ಇನ್ನೊಂದು ಹಾಕವ್ವ' ಅಂದ್ರೆ ಆ ಹುಡುಗಿ ಏನು ಮಾಡಬೇಕು? ಸುಳ್ಳು ಹೇಳಿದ್ದು ನೀವು. ಕಸೂತಿನೂ ನೀವೇ ಹಾಕಿ."

"ರತ್ನ, ನೀನಾದರೂ ಒಂದು ವಾರದಲ್ಲಿ ಕಲಿಯಮ್ಮ" ಎಂದು ಬೇಡಿಕೊಂಡೆ.

"ನಂಗೆ ಗುಂಡಿ ಹೊಲಿಯಕ್ಕೂ ಬರಕಿಲ್ಲ ಅಣ್ಣಯ್ಯ" ಎಂದಳು ರತ್ನ. "ಬೇಕಾದ್ರೆ ಅವರು ಬಂದಾಗ ಯಾರ್ದಾದ್ರೂ ಸೈಕಲ್ ಕೆಟ್ಟಿದ್ರೆ ರಿಪೇರಿ ಮಾಡ್ಕೊಡ್ತೀನಿ."

ಸರಿ! ಹೆಂಗಸರು ಕೈಬಿಟ್ಟ ಮೇಲೆ ವಿಜ್ಞಾನ ಕೈಬಿಡುತ್ತದೆಯೇ? ಸೋಮವಾರ ಸಂಜೆ ಸ್ಕೂಲು ಬಿಟ್ಟ ಕೂಡಲೇ ಮಿಷನ್ನಿನ ಮುಂದೆ ಆಸೀನನಾದೆ. ಜೀವಶಾಸ್ತ್ರದ ಚಾರ್ಟಿನಿಂದ ಒಂದು ಗಿಣಿಯನ್ನು ಕಾರ್ಬನ್ ಕಾಗದ ಇಟ್ಟು ಬಿಳಿ ಬಟ್ಟೆಗೆ ಇಳಿಸಿದೆ. ಎರಡು ಗಿಣಿಗೆ ಪುರುಸೊತ್ತಿಲ್ಲ. ಒಂದೇ ಗಿಣಿ, ಗಾತ್ರದಲ್ಲಿ ದೊಡ್ಡದು. ಜಯಮ್ಮ ಮಾಡುತ್ತಿದ್ದಂತೆಯೇ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಬಿಚ್ಚಿ ತೆಗೆದೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲುಗಳನ್ನು ತಗಡಿನಿಂದ ಮುಚ್ಚಿದೆ. ರಿಂಗು ಬಿಗಿದೆ. ತುಳಿದೆ. ಮಿಷನ್ನು ಗರಗರ ಎಂದು ನಾಲ್ಕು ಸುತ್ತು ತಿರುಗಿ, ಕೆಮ್ಮಿ, ನಿಂತಿತು. ಬಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಒಂದು ದೊಡ್ಡ ಗೂಡು! ಗಿಣಿ ಬರುವ ಮುಂಚೆಯೇ ಗೂಡು ಸಿದ್ಧವಾಗಿತ್ತು.

"ಹಿಂದಿನ ಹಿಡಿ ಇಳಿಸಿದ್ರಾ?" ಎಂದು ಜಯಮ್ಮ ಅಡುಗೆಮನೆಯಿಂದ ಕೂಗಿದಳು.

"ಪಾದ ಇಳಿಸೋಕಲ್ಲವೇನೇ ಆ ಹಿಡಿ ಇರೋದು? ಪಾದವನ್ನೇ ಬಿಚ್ಚಿಟ್ಟ ಮೇಲೆ ಇಳಿಸೋದು ಏನನ್ನ?" ಎಂದೆ, ಕ್ಲಾಸಿನಲ್ಲಿ ದಡ್ಡ ಪ್ರಶ್ನೆ ಕೇಳಿದವರನ್ನು ಕೂರಿಸುವ ಧ್ವನಿಯಲ್ಲಿ.

"ಸರಿ ಬುಡಿ" ಎಂದಳು.

ಆ 'ಸರಿ ಬುಡಿ'ಯ ಅರ್ಥ ತಿಳಿಯಲು ನನಗೆ ಎರಡು ದಿನ, ಮೂರು ಗೂಡು ಹಿಡಿದವು. ಬುಧವಾರ ಅವಳು ನೀರಿಗೆ ಹೋದಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಳ್ಳನ ಹಾಗೆ ಆ ಹಿಡಿಯನ್ನು ಇಳಿಸಿದೆ. ಮಿಷನ್ನು ಬೆಣ್ಣೆಯಲ್ಲಿ ಹೋದಂತೆ ಹೋಯಿತು! ಪಾದವಿರಲಿ ಬಿಡಲಿ, ಆ ಹಿಡಿ ಇಳಿಸಿದರೇನೇ ಮೇಲಿನ ದಾರ ಬಿಗಿಯಾಗುವುದಂತೆ. ಈ ಸಂಗತಿಯನ್ನು ನನ್ನ ಸ್ವಂತ ಸಂಶೋಧನೆ ಎಂದು ದಾಖಲು ಮಾಡಿಕೊಂಡೆ.

ಅಷ್ಟರಲ್ಲಿ ಇನ್ನೊಂದು ಅನಾಹುತ ಆಗಿತ್ತು. ಮಂಗಳವಾರ, ದಾರ ಗೂಡು ಕಟ್ಟುವುದಕ್ಕೆ ಎಣ್ಣೆ ಸಾಲದಿರುವುದೇ ಕಾರಣ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿ, ಕಂಡ ಕಂಡ ತೂತಿಗೆಲ್ಲ ಎಣ್ಣೆ ಸುರಿದಿದ್ದೆ. ಎಣ್ಣೆ ಮಿತವಾಗಿರತಕ್ಕದ್ದು, ಹಾಕಿದ ಮೇಲೆ ಮೊದಲು ಹಳೆಯ ಚಿಂದಿಯ ಮೇಲೆ ಹೊಲಿದು ನೋಡತಕ್ಕದ್ದು ಎಂದು ಎರಡನೆಯ ನಿಯಮದಲ್ಲಿ ನಾನೇ ಬರೆದಿದ್ದೆನಲ್ಲ, ಅದು ಹೆಂಗಸರಿಗೆ! ಬಟ್ಟೆಯ ಮೇಲೆ, ಗಿಣಿಯ ಹೊಟ್ಟೆಯ ಪಕ್ಕದಲ್ಲಿ, ಅಂಗೈಯಗಲದ ಕಪ್ಪು ಕಲೆ ಮೂಡಿತು. ಕಲೆ ಹೋಗಲಿಲ್ಲ. ಆದ್ದರಿಂದ ಗಿಣಿಯ ಹೊಟ್ಟೆಯನ್ನೇ ಅಲ್ಲಿಯ ತನಕ ಬೆಳೆಸಬೇಕಾಯಿತು.

ಗುರುವಾರ ಸೂಜಿ ರಿಂಗಿನ ಅಂಚಿಗೆ ಬಡಿದು ಮುರಿದು, ನನ್ನ ಕನ್ನಡಕಕ್ಕೆ 'ಟಣ್' ಎಂದು ತಾಗಿ ಹೋಯಿತು. ಶುಕ್ರವಾರ ಹೊಸ ಸೂಜಿ, ಬೆರಳು ಎರಡು ಅಂಗುಲ ದೂರವಿರತಕ್ಕದ್ದೆಂಬ ಮೂರನೆಯ ನಿಯಮವನ್ನು ಕಡೆಗಣಿಸಿದ ನನ್ನ ತೋರುಬೆರಳಿನ ತುದಿಯನ್ನು ಒಂದು ಸಲ ಹೊಲಿದು ನೋಡಿತು. ನಾನು ಕೂಗಿದ ಕೂಗಿಗೆ ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಒಂದು ಲಾಭವಾಯಿತೆನ್ನಿ: ಗಿಣಿಯ ಕೊಕ್ಕಿಗೆ ಕೆಂಪು ದಾರ ಸ್ವಲ್ಪ ಕಡಿಮೆ ಬೇಕಾಯಿತು.

ಶನಿವಾರ ಸಂಜೆಗೆ ಒಂದು ರೆಕ್ಕೆ ಬಿಟ್ಟು ಉಳಿದ ಗಿಣಿ ಪೂರ್ತಿಯಾಯಿತು. ನೋಡಲು ಇಬ್ಬರನ್ನೂ ಕರೆದೆ.

"ಗೂಬೆನಾ?" ಎಂದಳು ಜಯಮ್ಮ.

"ಬಸುರಿ ಗೂಬೆ ಅತ್ತಿಗೆ" ಎಂದಳು ರತ್ನ.

"ಇವೆಲ್ಲ ಬುಟ್ಟು ಅವರಿಗೆ ನಿಜ ಹೇಳ್ಬುಡಿ" ಎಂದು ಜಯಮ್ಮ ಹೇಳಿದಳು. ಆದರೆ ಅಷ್ಟು ರಕ್ತ ಸುರಿಸಿದ ಮೇಲೆ ನಿಜ ಹೇಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ನನ್ನ ಮದುವೆಯಲ್ಲಿ ಉಟ್ಟಿದ್ದ ಜರಿ ಅಂಚಿನ ಪಂಚೆಯನ್ನು ಉದ್ದಕ್ಕೆ ನೆರಿಗೆ ಬಿಟ್ಟು ಉಟ್ಟೆ. ಬೀಗರಾಗುವವರ ಮುಂದೆ ಒಂದು ಗತ್ತು ಇರಬೇಡವೇ? ಅವರು ಬರುವುದು ಮಧ್ಯಾಹ್ನದ ಮೇಲೆ. ರೆಕ್ಕೆಗೆ ಬೇಕಾದಷ್ಟು ಹೊತ್ತಿದೆ ಎಂದು ಮಿಷನ್ನಿನ ಮುಂದೆ ಕೂತೆ. ಬೆಲ್ಟಿನ ಚಕ್ರಕ್ಕೆಲ್ಲ ಮಂಗಳವಾರದ ಎಣ್ಣೆ ಇನ್ನೂ ಮೆತ್ತಿತ್ತು. ಜರಿ ಪಂಚೆಗೆ ತಾಗಿದರೆ ಗತಿಯೇನು? ಮುಂದಾಲೋಚನೆಯುಳ್ಳ ಮನುಷ್ಯನಾದ್ದರಿಂದ ನೆರಿಗೆಗಳನ್ನೆಲ್ಲ ಒಟ್ಟಾಗಿ ಎತ್ತಿ ಮಿಷನ್ನಿನ ಹಲಗೆಯ ಮೇಲೆ ಇಟ್ಟುಕೊಂಡೆ. ಅದರ ಮೇಲೆ ಟೇಬಲ್ ಕ್ಲಾತನ್ನು ಹರಡಿಕೊಂಡೆ. ತುಳಿಯತೊಡಗಿದೆ.

ಈ ಸಲ ಮಿಷನ್ನು ಸ್ವಲ್ಪ ಭಾರವಾಗಿ ಹೋಗುತ್ತಿತ್ತು. ರೆಕ್ಕೆಗೆ ಒತ್ತಾಗಿ ದಾರ ತುಂಬುತ್ತಿದೆ, ಅದಕ್ಕೇ ಎಂದು ಹಿಗ್ಗಿ ಇನ್ನೂ ಜೋರಾಗಿ ತುಳಿದೆ. ರೆಕ್ಕೆ ಮುಕ್ಕಾಲು ಆಗಿತ್ತು. ದಾರ ಬದಲಾಯಿಸಲೆಂದು ಹಿಂದಿನ ಹಿಡಿ ಎತ್ತಿದೆ, ಹೊಸ ದಾರ ಪೋಣಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ.

"ಮೇಷ್ಟ್ರ ಮನೆ ಇದೇಯಾ?"

ಭೇರ್ಯದವರು! ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದರು! ಇನ್ನೆರಡು ನಿಮಿಷ ಸಿಕ್ಕಿದರೆ ರೆಕ್ಕೆ ಮುಗಿಯುತ್ತದೆಂಬ ಆತುರದಲ್ಲಿ ಒಂದೇ ಸಮನೆ ತುಳಿದೆ. ಹಿಡಿ ಇಳಿಸುವುದು ಮರೆತೇ ಹೋಗಿತ್ತು. ಗರಗರ, ಗುರ್, ಕಟಕ್! ಸೂಜಿ ಗಿಣಿಯೊಳಗೆ ನಾಟಿಕೊಂಡು ನಿಂತಿತು. ಅಡಿಯಲ್ಲಿ ಗೂಡು. ನಾನು ಎದ್ದೆ. ಅಂದರೆ, ಏಳಲು ಹೋದೆ. ಪಂಚೆ ಬರಲಿಲ್ಲ. ಬಗ್ಗಿ ನೋಡುತ್ತೇನೆ, ಗಿಣಿಯ ರೆಕ್ಕೆಗೆ ಬಿದ್ದ ಹೊಲಿಗೆಯೆಲ್ಲ ಅದರ ಕೆಳಗಿದ್ದ ನನ್ನ ನೆರಿಗೆಗಳಿಗೂ ಬಿದ್ದಿದೆ! ಪಂಚೆ ಗಿಣಿಗೆ, ಗಿಣಿ ಸೂಜಿಗೆ, ಸೂಜಿ ಮಿಷನ್ನಿಗೆ, ಮಿಷನ್ನು ನೆಲಕ್ಕೆ. ಸನ್ನೆ, ರಾಟೆ, ಗಾಲಿ, ಯಾವುದೂ ನೆನಪಿಗೆ ಬರಲಿಲ್ಲ.

ಹೆಣ್ಣಿನ ಕಡೆಯ ಹಿರಿಯನಾದವನು ಬಾಗಿಲಿಗೆ ಹೋಗಿ, ಕಾಲಿಗೆ ನೀರು ಕೊಟ್ಟು, ಕೈಮುಗಿದು ಒಳಗೆ ಕರೆಯಬೇಕು. ನಾನು ಕೂತ ಕಡೆಯೇ ಕೂತು, "ಬನ್ನಿ ಬನ್ನಿ!" ಎಂದು ಹಲ್ಲು ಕಿರಿದೆ. ಜಯಮ್ಮ ಓಡಿ ಬಂದು ನೀರು ಕೊಟ್ಟಳು. ಚಿಕ್ಕೇಗೌಡರು ಒಳಗೆ ಬಂದರು. ನಾನು ಏಳಲಿಲ್ಲ. ಸಾಕಮ್ಮನವರು ಬಂದರು. ಏಳಲಿಲ್ಲ. ಹುಡುಗ ಶಿವಣ್ಣ ಬಂದು ಬಗ್ಗಿ ನಮಸ್ಕಾರ ಮಾಡಿದ. ಆಗಲೂ ಏಳಲಿಲ್ಲ. ಚಿಕ್ಕೇಗೌಡರ ಮೀಸೆ ಬಿಗಿಯಾಯಿತು.

"ಯಾಕ್ ಮೇಷ್ಟ್ರೇ, ಸೊಂಟಗಿಂಟ ಇಡ್ಕಂಡೈತಾ?"

ಮುಳುಗುವವನಿಗೆ ಹಗ್ಗ ಸಿಕ್ಕಿತು. "ಹೌದು ಗೌಡ್ರೇ! ಸೊಂಟ! ನಿನ್ನೆಯಿಂದ!" ಎಂದೆ. ಸುಳ್ಳು ಎರಡಾಯಿತು.

"ಅಯ್ಯೋ, ಅಷ್ಟೇಯಾ?" ಎಂದು ಸಾಕಮ್ಮನವರು ಸೆರಗು ಸಿಕ್ಕಿಸಿಕೊಂಡರು. "ಕೂತಂಗೇ ಕೂತ್ರೆ ಇನ್ನೂ ಬಿಗ್ಕತದೆ. ನೀವಿಬ್ರೂ ರಟ್ಟೆ ಇಡ್ಕಂಡು ಒಂದ್ಸಲ ಎತ್ರಿ. ಲಟಕ್ ಅಂದ್ರೆ ಸರೋಯ್ತದೆ."

"ಬೇಡಿ! ಬೇಡಿ ಕಣಮ್ಮ! ಕೂತಿದ್ದರೇ ಹಿತ!" ಎಂದು ಕೂಗಿಕೊಂಡೆ. ಕೇಳುವವರು ಯಾರು? ಉಳುವ ರಟ್ಟೆಯ ಚಿಕ್ಕೇಗೌಡರು ಒಂದು ಕಡೆ, ಅವರ ಮಗ ಒಂದು ಕಡೆ ಹಿಡಿದು, "ಊಂ!" ಎಂದು ಎತ್ತಿಯೇಬಿಟ್ಟರು. ನಾನು ಎದ್ದೆ. ನನ್ನ ಜೊತೆಗೆ ಮಿಷನ್ನಿನ ತಲೆಯೂ ಕೀಲಿನ ಮೇಲೆ ಎದ್ದಿತು. ಪಂಚೆ ಮಾತ್ರ ನನ್ನ ಜೊತೆ ಬರುವುದೋ ಮಿಷನ್ನಿನ ಜೊತೆ ಇರುವುದೋ ಎಂದು ಯೋಚಿಸುತ್ತ ಸೊಂಟದಿಂದ ಜಾರತೊಡಗಿತು. ಎರಡೂ ಕೈಯಲ್ಲಿ ಅದನ್ನು ಹಿಡಿದು ಧೊಪ್ಪನೆ ಕುಸಿದು ಕೂತೆ. ಮಿಷನ್ನಿನ ತಲೆಯೂ ಧಡ್ ಎಂದು ಕೂತಿತು.

ಹೆಣ್ಣು ತಲೆ ಬಗ್ಗಿಸಿಕೊಂಡು ಕಾಫಿ ತಟ್ಟೆ ಹಿಡಿದು ಬರಬೇಕಾದ ಗಳಿಗೆ ಅದು. ರತ್ನ ಬಂದಳು. ತಲೆ ನೆಟ್ಟಗಿತ್ತು, ಕೈಯಲ್ಲಿ ಕತ್ತರಿ ಇತ್ತು. ಯಾರ ಮುಖವನ್ನೂ ನೋಡದೆ ಮಿಷನ್ನಿನ ಮುಂದೆ ಮಂಡಿಯೂರಿದಳು. ಸೈಕಲ್ ಚೈನು ತೆಗೆಯುವ ಹಾಗೆ ಬೆಲ್ಟು ಜಾರಿಸಿದಳು, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ ಸೂಜಿಯನ್ನು ಮೇಲಕ್ಕೆ ತಂದಳು, ಅಡಿಗೆ ಕೈಹಾಕಿ ಕೆಳದಾರದ ಬಾಬಿನ್ ಹೊರಗೆಳೆದು ಗೂಡನ್ನು ಕತ್ತರಿಸಿದಳು. ನಾನು ಮಿಷನ್ನಿನಿಂದ ಬಿಡುಗಡೆಯಾದೆ. ಗಿಣಿಯಿಂದ ಆಗಲಿಲ್ಲ. ಅದು ತೊಡೆಯ ಮೇಲೆ ನೇತಾಡುತ್ತಲೇ ಇತ್ತು.

"ಇದ್ಯಾರು ಆಕಿದ್ದು?" ಎಂದರು ಚಿಕ್ಕೇಗೌಡರು.

"ಅದು... ನಮ್ಮ ರತ್ನ..." ಎಂದು ಮೂರನೆಯ ಸುಳ್ಳಿಗೆ ಬಾಯಿ ತೆರೆದೆ.

"ನಾನಲ್ಲ" ಎಂದಳು ರತ್ನ. "ನಂಗೆ ಕಸೂತಿ ಬರಕಿಲ್ಲ. ಇದು ನಮ್ಮಣ್ಣಯ್ಯ ಹಾಕಿದ್ದು. ನನ್ನ ಸಲುವಾಗಿ ಒಂದು ವಾರದಿಂದ ಬೆರಳು ಚುಚ್ಕೊಂಡು ಹಾಕವ್ರೆ. ಅವರ್ನ ಏನೂ ಅನ್ಬೇಡಿ."

ಮುಗಿಯಿತು ಎಂದುಕೊಂಡೆ. ಮೂರನೆಯ ಸಂಬಂಧವೂ ಹೋಯಿತು. ಈ ಸಲ ಸೈಕಲ್ಲಿನ ತಪ್ಪೂ ಅಲ್ಲ, ಪೂರ್ತಿ ನನ್ನದೇ. ಆ ಕ್ಷಣ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಗ ನನ್ನ ಬೆನ್ನ ಹಿಂದೆ ಒಂದು ಧ್ವನಿ ಎದ್ದಿತು. ಅಲ್ಲಿಯವರೆಗೆ ತುಟಿ ಬಿಚ್ಚದ ಶಿವಣ್ಣ, ಹಳ್ಳಿಹಳ್ಳಿಯಲ್ಲಿ ರೈತರಿಗೆ ಗೊಬ್ಬರದ ಪ್ರಕಟಣೆ ಓದಿ ಅಭ್ಯಾಸವಾದ ಗಟ್ಟಿ ಧ್ವನಿಯಲ್ಲಿ, ಗೋಡೆಯ ಶೀಟನ್ನು ಓದುತ್ತಿದ್ದ.

"ನಿಯಮ ನಾಲ್ಕು. ಸಡಿಲವಾದ ಉಡುಪು ಧರಿಸಿ ಯಂತ್ರದ ಮುಂದೆ ಕೂರತಕ್ಕದ್ದಲ್ಲ. ನಿಯಮ ಐದು. ಎಂಥ ಸಂದರ್ಭದಲ್ಲೂ ಆತುರಪಡತಕ್ಕದ್ದಲ್ಲ." ಸ್ವಲ್ಪ ತಡೆದು, "ನಿಯಮ ಏಳು. ಮೇಲ್ಕಂಡ ನಿಯಮಗಳನ್ನು ಮೀರುವವರು ಅನಾಹುತಕ್ಕೆ ತಾವೇ ಹೊಣೆಗಾರರಾಗತಕ್ಕದ್ದು." ಇನ್ನೂ ಸ್ವಲ್ಪ ತಡೆದು, "ಬಿ.ಎಸ್ಸಿ., ಬಿ.ಎಡ್."

ಮೊದಲು ನಕ್ಕವಳು ರತ್ನ. ಆಮೇಲೆ ಶಿವಣ್ಣ. ಆಮೇಲೆ ಚಿಕ್ಕೇಗೌಡರು ಕಂಬ ಹಿಡಿದುಕೊಂಡು ನಕ್ಕರು. ಸಾಕಮ್ಮನವರು ಮಾತ್ರ ನಗಲಿಲ್ಲ. ನನ್ನ ತೊಡೆಯ ಮೇಲಿನ ಗಿಣಿಯನ್ನು ಹಿಂದೆಮುಂದೆ ತಿರುಗಿಸಿ ಪರೀಕ್ಷಿಸುತ್ತಿದ್ದರು. ಕಸೂತಿ ಬಲ್ಲವರು ಹಿಂಬದಿಯನ್ನೇ ನೋಡುವುದಂತೆ. ಹಿಂಬದಿಯಲ್ಲಿ ನನ್ನ ಪಂಚೆ ಇತ್ತು.

"ಉಡುಗಿ ನಂಗೊಪ್ಗೆ" ಎಂದರು ಕೊನೆಗೆ. "ಕಸೂತಿ ನಾನೇ ಕಲಿಸ್ಕತೀನಿ, ಅದೇನ್ ದೊಡ್ಡದು. ನಮ್ಮನೆ ಮಿಸನ್ನು ಕೆಟ್ಟೋದ್ರೆ ಕೆ.ಆರ್. ನಗರದಗಂಟ ಒತ್ಕಂಡೋಗ್ಬೇಕು ಕಣವ್ವ. ನೀನು ಎಲ್ ಕಲ್ತೆ ಇದ್ನ ಬಿಡಿಸೋದ?"

"ಸೈಕಲ್ ರಿಪೇರಿ ಮಾಡ್ತೀನಲ್ಲ, ಅದೇ ಥರ" ಎಂದಳು ರತ್ನ.

"ನಂದೂ ಒಂದು ಸೈಕಲ್ ಐತೆ" ಎಂದ ಶಿವಣ್ಣ ಸೂರನ್ನು ನೋಡುತ್ತ. "ಬ್ರೇಕು ಸರಿಯಿಲ್ಲ."

ಗಿಣಿಯನ್ನು ಪಂಚೆಯಿಂದ ಬಿಡಿಸಲು ಸಾಧ್ಯವೇ ಆಗಲಿಲ್ಲ. ನಾನು ಹಾಕಿದ ಹೊಲಿಗೆಗಳಲ್ಲಿ ಗಟ್ಟಿಯಾಗಿದ್ದವು ಅವು ಮಾತ್ರ. "ಬಿಚ್ಬ್ಯಾಡಿ, ಕತ್ತರಿಸ್ಬುಡಿ. ಅಂಗೇ ನಮ್ಗೇ ಕೊಟ್ಬುಡಿ" ಎಂದರು ಸಾಕಮ್ಮನವರು. ಜಯಮ್ಮ ನನ್ನ ಮದುವೆಯ ಪಂಚೆಯನ್ನು ನಮ್ಮ ಭಾವೀ ಬೀಗರ ಎದುರಿನಲ್ಲೇ, ಅನುಮಾನ ಬರುವಷ್ಟು ಸಂತೋಷದಿಂದ ಕತ್ತರಿಸಿದಳು.

ಮದುವೆಯಾಗಿ ರತ್ನ ಭೇರ್ಯಕ್ಕೆ ಹೋಗುವಾಗ ನನ್ನ ಹತ್ತಿರ ಕೇಳಿದ್ದು ಒಂದೇ, ಆ ನಿಯಮಗಳ ಶೀಟು. ನನ್ನ ಎದೆ ಉಬ್ಬಿತು. ಅಂತೂ ನನ್ನ ವಿದ್ಯೆಗೆ ಒಬ್ಬಳಾದರೂ ಬೆಲೆ ಕೊಟ್ಟಳಲ್ಲ ಎಂದು ನಾನೇ ಸುರುಳಿ ಸುತ್ತಿ ದಾರ ಕಟ್ಟಿಕೊಟ್ಟೆ.

ಮುಂದಿನ ದೀಪಾವಳಿಗೆ ಅವರ ಮನೆಗೆ ಹೋದಾಗ ನಡುಮನೆಯಲ್ಲಿ ಗಾಜು ಹಾಕಿಸಿದ ನನ್ನ ಗಿಣಿ ತೂಗುತ್ತಿತ್ತು, ಜರಿ ಅಂಚಿನ ಸಮೇತ. ಅದರ ಪಕ್ಕದಲ್ಲಿ ಮಿಷನ್ನು, ಮಿಷನ್ನಿನ ಮೇಲೆ ನನ್ನ ಶೀಟು. ಸಂಜೆಯ ಹೊತ್ತು ಊರಿನ ನಾಲ್ಕು ಹುಡುಗಿಯರು ಅತ್ತೆ ಸೊಸೆಯ ಹತ್ತಿರ ಕಸೂತಿ ಕಲಿಯಲು ಬರುತ್ತಿದ್ದರಂತೆ. ತುಳಿಯಲು ಕೂರುವ ಮುಂಚೆ ನಿಯಮಗಳನ್ನು ಗಟ್ಟಿಯಾಗಿ ಓದಬೇಕಂತೆ. ನಾನು ಹೆಮ್ಮೆಯಿಂದ ಹತ್ತಿರ ಹೋಗಿ ನೋಡಿದೆ. ನನ್ನ ಸಹಿಯ ಕೆಳಗೆ ರತ್ನನ ದುಂಡು ಅಕ್ಷರದಲ್ಲಿ ಎಂಟನೆಯದೊಂದು ಸೇರಿತ್ತು:

'ಮೇಲ್ಕಂಡ ನಿಯಮಗಳನ್ನು ಬರೆದವರನ್ನು ಯಂತ್ರದ ಹತ್ತಿರ ಬಿಡತಕ್ಕದ್ದಲ್ಲ.'

ಅಭ್ಯಾಸಬಲದಿಂದ ಜೇಬಿನಲ್ಲಿದ್ದ ಕೆಂಪು ಪೆನ್ಸಿಲ್ಲು ಕೈಗೆ ಬಂತು. ಎರಡು ಸಲ ಓದಿದೆ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ನನಗೆ ತಪ್ಪು ಸಿಗದ ವಾಕ್ಯ ಅದೊಂದೇ. ಪಕ್ಕದಲ್ಲಿ ಒಂದು ರೈಟು ಹಾಕಿ, ಪಂಚೆಯ ನೆರಿಗೆ ಎಲ್ಲಿದೆ ಎಂದು ಮುಟ್ಟಿ ನೋಡಿಕೊಂಡು, ಮಿಷನ್ನಿನಿಂದ ನಾಲ್ಕು ಮಾರು ದೂರದಲ್ಲಿ ಊಟಕ್ಕೆ ಕೂತೆ.